ಜಡೆಗಟ್ಟಿದ ಲಾಸಾ ಆಪ್ಸೊ, ಬ್ರಷ್ ಕಂಡರೆ ನಡುಗುತ್ತಾಳೆ: ಮೊದಲು ಕೂದಲೋ, ಮೊದಲು ನಂಬಿಕೆಯೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ಬಾಡಿಗೆ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಲಾಸಾ ಆಪ್ಸೊ ಹೆಣ್ಣುನಾಯಿಯೊಂದು ಮಳೆಗಾಲ ಪೂರ್ತಿ ಇಲ್ಲಿನ ಸೊಸೈಟಿ ಗೋದಾಮಿನ ಜಗಲಿಯ ಮೇಲೆ ಇತ್ತು. ಅಕ್ಕಿ ಒಯ್ಯಲು ಬಂದವರು ಹಾಕಿದ್ದನ್ನು ತಿಂದು ಬದುಕಿಕೊಂಡಿತ್ತು. ಈಗ ನಮ್ಮ ಮನೆಗೆ ತಂದಿದ್ದೇವೆ. ಮಲ್ಲಿ ಎಂದು ಕರೆಯುತ್ತೇವೆ. ಕೈಯಿಂದ ಕೊಟ್ಟ ಅನ್ನ ತಿನ್ನುತ್ತಾಳೆ, ಗದ್ದದ ಕೆಳಗೆ ಕೆರೆದರೆ ಕಣ್ಣು ಮುಚ್ಚುತ್ತಾಳೆ. ಅದಕ್ಕಿಂತ ಆಚೆ ಕೈ ಹೋದರೆ ಮೈಯೆಲ್ಲ ಬಿಗಿ ಮಾಡಿಕೊಂಡು ಬೆಂಚಿನ ಅಡಿಗೆ ನುಸುಳುತ್ತಾಳೆ. ಬ್ರಷ್ ಕಂಡರೆ ನಡುಗುತ್ತಾಳೆ, ಹತ್ತಿರ ತಂದರೆ ಗುರ್ ಎನ್ನುತ್ತಾಳೆ.

ಕೂದಲಿನ ಸ್ಥಿತಿ ಹೇಳುವಂತಿಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಜಡೆಗಟ್ಟಿದೆ. ಹೊಟ್ಟೆಯ ಕೆಳಗೆ ಉತ್ತರಾಣಿ ಕಾಳು, ಒಣಗಿದ ಕೆಸರು, ಸಗಣಿ ಎಲ್ಲ ಸೇರಿ ಗಟ್ಟಿ ಪದರವಾಗಿದೆ. ಬಾಲದ ಬುಡದಲ್ಲಿ ಅವಳದೇ ಮಲ ಅಂಟಿಕೊಂಡಿದೆ. ಅತ್ತೆಯವರು ಬಿಸಿನೀರು ಹಾಕಿ ಸೀಗೆಪುಡಿ ಉಜ್ಜಿದರೆ ಬಿಡುತ್ತದೆ ಎನ್ನುತ್ತಾರೆ. ಯಜಮಾನರು ಕತ್ತರಿ ತೆಗೆದುಕೊಂಡು ನಿಂತಿದ್ದಾರೆ. ಪೇಟೆಯ ಒಂದು ಗ್ರೂಮಿಂಗ್ ಅಂಗಡಿಗೆ ಫೋನ್ ಮಾಡಿದರೆ, ತನ್ನಿ, ಕಟ್ಟಿಹಾಕಿ ಬೋಳಿಸಿ ಕೊಡುತ್ತೇವೆ ಎಂದರು. ಆ ಮಾತು ಕೇಳಿ ಫೋನ್ ಇಟ್ಟುಬಿಟ್ಟೆ. ಅವಳು ಈಗಷ್ಟೇ ನನ್ನ ಕೈಯನ್ನು ನಂಬಲು ಶುರು ಮಾಡಿದ್ದಾಳೆ. ಅದನ್ನು ಕಳೆದುಕೊಳ್ಳದೆ ಈ ಕೂದಲಿಗೆ ಒಂದು ದಾರಿ ಹೇಳಿ.

ಬಾಚಣಿಗೆ_ಬೆಂಗಳೂರು

ಅಕ್ಕಾ, ಎರಡು ಕೆಲಸ ಮಾತ್ರ ಸದ್ಯಕ್ಕೆ ಮಾಡಬೇಡಿ: ಸ್ನಾನ ಮತ್ತು ಕತ್ತರಿ.

ಸಿಕ್ಕು ಬಿಡಿಸದೆ ನೀರು ಹಾಕಿದರೆ ಜಡೆ ಇನ್ನಷ್ಟು ಬಿಗಿಯಾಗುತ್ತದೆ. ಉಣ್ಣೆಯನ್ನು ನೀರು ಹಾಕಿ ತಿಕ್ಕಿದರೆ ಕಂಬಳಿ ಹೇಗೆ ಒತ್ತಾಗುತ್ತದೆಯೋ ಹಾಗೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿಯುತ್ತದೆ, ಮಲೆನಾಡಿನ ಹವೆಯಲ್ಲಂತೂ ಅದು ಆರುವುದೇ ಇಲ್ಲ. ಚರ್ಮ ಬೆಂದು ಕೀವಾಗುವುದು ಅಲ್ಲಿಂದಲೇ.

ಕತ್ತರಿಯ ಅಪಾಯ ಇನ್ನೂ ದೊಡ್ಡದು. ಜಡೆಯನ್ನು ಹಿಡಿದು ಎತ್ತಿದಾಗ ಕೆಳಗಿನ ಚರ್ಮವೂ ಅದರೊಂದಿಗೆ ಮೇಲೆ ಬರುತ್ತದೆ. ಕೂದಲೆಂದುಕೊಂಡು ಕತ್ತರಿಸಿದ್ದು ಚರ್ಮವಾಗಿರುತ್ತದೆ. ಕಂಕುಳು, ಕಿವಿಯಂಚು, ಪಕ್ಕೆಯ ಮಡಿಕೆ, ಮೊಲೆತೊಟ್ಟುಗಳ ಸುತ್ತ ಚರ್ಮ ಬಹಳ ತೆಳು. ಮನೆಯಲ್ಲಿ ಕತ್ತರಿ ಆಡಿಸಿ, ಆಮೇಲೆ ಹೊಲಿಗೆ ಹಾಕಿಸಿಕೊಂಡು ನನ್ನ ಬಳಿ ಬಂದ ನಾಯಿಗಳನ್ನು ನೋಡಿದ್ದೇನೆ. ಯಜಮಾನರ ಕೈಯಿಂದ ದಯವಿಟ್ಟು ಕತ್ತರಿ ಇಳಿಸಿ.

ಫೋನ್ ಇಟ್ಟಿದ್ದು ಒಳ್ಳೆಯದೇ ಆಯಿತು. ಹೆದರಿದ ನಾಯಿಯನ್ನು ಕೊರಳಿಗೆ ಕುಣಿಕೆ ಹಾಕಿ ಮೇಜಿನ ಮೇಲೆ ನಿಲ್ಲಿಸಿ ಬೋಳಿಸುವುದು ಕೆಲಸ ಬೇಗ ಮುಗಿಸುವವರ ದಾರಿ. ನಾನೂ ಇದೇ ವೃತ್ತಿಯವಳು, ಆದರೂ ಹೇಳುತ್ತೇನೆ.

ಅಡಿಕೆತೋಟ_ಸಾಗರ

ತಂಗೀ, ಗಾಬರಿ ಬೇಡ. ನಮ್ಮ ಮನೆಯಲ್ಲಿ ನಾಯಿಗಳಿಲ್ಲದ ಕಾಲವೇ ಇರಲಿಲ್ಲ. ಕೊಬ್ಬರಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ದಿನಕ್ಕೊಂದು ಗಂಟು ಬಿಡಿಸುತ್ತಾ ಹೋಗಿ. ಸಂಜೆ ಅವಳು ಊಟ ಮಾಡಿ ಮಲಗಿದಾಗ ಪಕ್ಕದಲ್ಲಿ ಕುಳಿತು, ಮಾತನಾಡಿಸುತ್ತಾ, ಆತುರವಿಲ್ಲದೆ. ಈಗಿನವರಿಗೆ ಎಲ್ಲದಕ್ಕೂ ಮಿಷನ್ ಬೇಕು. ಬಾಯಿಲ್ಲದ ಜೀವಕ್ಕೆ ಬೇಕಾದದ್ದು ತಾಳ್ಮೆ. ಅವಳು ನಂಬಿದ ಮೇಲೆ ಕೂದಲು ತಾನಾಗಿಯೇ ಕೈಗೆ ಬರುತ್ತದೆ. ಪ್ರಜ್ಞೆ ತಪ್ಪಿಸಿ ಬೋಳಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪಶುವೈದ್ಯೆ_ಹಾಸನ

ತಾಳ್ಮೆಯ ಬಗ್ಗೆ ಸಾಗರದ ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಯಾವ ಹಂತದ ಜಡೆ ಎಂದು ತಿಳಿಯದೆ ತಾಳ್ಮೆಯಿಂದ ಕಾಯುವುದು ಈ ನಾಯಿಗೆ ಹಿಂಸೆಯಾಗಬಹುದು.

ಬಿಡಿಬಿಡಿಯಾದ ಗಂಟುಗಳಾದರೆ ಬಿಡಿಸಬಹುದು. ಗಂಟುಗಳು ಒಂದಕ್ಕೊಂದು ಕೂಡಿ ಹಾಳೆಯಂತೆ ಚರ್ಮಕ್ಕೆ ಅಂಟಿದ್ದರೆ ಅದು ಬೇರೆಯೇ ಸಂಗತಿ. ಅಂಥ ಜಡೆ ಪ್ರತಿ ಹೆಜ್ಜೆಗೂ ಚರ್ಮವನ್ನು ಎಳೆಯುತ್ತದೆ. ಕಂಕುಳಲ್ಲಿದ್ದರೆ ಮುಂಗಾಲು ಪೂರ್ತಿ ಚಾಚಲಾಗುವುದಿಲ್ಲ. ಮಲಗಿದರೆ ಒತ್ತುತ್ತದೆ, ಎದ್ದರೆ ಎಳೆಯುತ್ತದೆ. ನೀವು ಮುಟ್ಟಿದಾಗ ಅವಳು ಗುರ್ ಎನ್ನುವುದರಲ್ಲಿ ಭಯ ಎಷ್ಟು, ನೋವು ಎಷ್ಟು ಎಂದು ಈಗ ಯಾರೂ ಬಿಡಿಸಿ ಹೇಳಲಾರರು. ನೋವು ಹೋಗುವವರೆಗೆ ನಿಮ್ಮ ಕೈ ಎಂದರೆ ನೋವು ಎಂಬುದನ್ನೇ ಅವಳು ದಿನದಿನವೂ ಕಲಿಯುತ್ತಾಳೆ.

ಒಂದು ಚಿಕ್ಕ ಪರೀಕ್ಷೆ. ಅವಳು ಬಿಡುವ ಜಾಗದಲ್ಲಿ ಮಾತ್ರ, ಬೆರಳ ತುದಿಯಿಂದ ಕೂದಲನ್ನು ಸರಿಸಿ ನೋಡಿ. ಚರ್ಮ ಕಾಣುತ್ತದೆಯೇ? ಬಾಚಣಿಗೆಯ ಒಂದು ಹಲ್ಲು ಜಡೆಗೂ ಚರ್ಮಕ್ಕೂ ನಡುವೆ ಸಲೀಸಾಗಿ ಹೋಗುತ್ತದೆಯೇ? ಹೋಗದಿದ್ದರೆ ಬಿಡಿಸುವ ಯೋಚನೆಯನ್ನೇ ಬಿಟ್ಟುಬಿಡಿ.

ವಸಡು ನೋಡಲು ಬಿಟ್ಟರೆ ಅದನ್ನೂ ನೋಡಿ. ಬಿಳಚಿಕೊಂಡಿದ್ದರೆ ಅಥವಾ ಜ್ವರ, ಮಂಕು ಇದ್ದರೆ ಉಣುಗಿನ ಜ್ವರ ಇರಬಹುದು. ಉಣುಗಿನಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ಎರಡೂ ನಮ್ಮಲ್ಲಿ ಸಾಮಾನ್ಯ. ಆಗ ಕೂದಲಿನ ಮಾತು ಆಮೇಲೆ, ರಕ್ತಪರೀಕ್ಷೆ ಮೊದಲು. ಉಣುಗು ಕಂಡಿತೆಂದು ಸೀಮೆಎಣ್ಣೆ, ಫಿನಾಯಿಲ್, ಕರ್ಪೂರದ ಎಣ್ಣೆ ಯಾವುದನ್ನೂ ಹಚ್ಚಬೇಡಿ. ಎಲ್ಲವೂ ನಾಯಿಗೆ ವಿಷ, ಹಚ್ಚಿದ್ದನ್ನು ಅವಳು ನೆಕ್ಕುತ್ತಾಳೆ.

ಹಾರಂಗಿ_ಹಿನ್ನೀರು

ನಮ್ಮದು ಕುಶಾಲನಗರದ ಕಡೆ. ನನ್ನ ಬಳಿಯೂ ಒಂದು ಲಾಸಾ ಇದೆ, ಅದಕ್ಕೇ ಬರೆಯಬೇಕೆನಿಸಿತು. ಇದು ಟಿಬೆಟ್ಟಿನ ತಳಿ. ಮಠಗಳಲ್ಲಿ, ಮನೆಗಳಲ್ಲಿ ಒಳಗಾವಲಿಗೆ ಇರುತ್ತಿದ್ದ ನಾಯಿ. ಅಪರಿಚಿತರನ್ನು ಅನುಮಾನದಿಂದ ನೋಡುವುದು ಅದರ ಹುಟ್ಟುಗುಣ. ಮುದ್ದಾಗಿ ಕಾಣುತ್ತದೆಂದು ಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಆ ಉದ್ದ ಕೂದಲು ಬೆಳೆದದ್ದು ಒಣ ಚಳಿಯ ನಾಡಿಗೆ. ನಮ್ಮ ಮಳೆಗೆ, ಉತ್ತರಾಣಿಗೆ, ಉಂಬಳಕ್ಕೆ ಅದು ಸ್ವಲ್ಪವೂ ಹೊಂದುವುದಿಲ್ಲ. ದಿನವೂ ಬಾಚುವ ಕೈ ಇಲ್ಲದಿದ್ದರೆ ಒಂದೇ ಮಳೆಗಾಲ ಸಾಕು, ಮಲ್ಲಿಯ ಸ್ಥಿತಿ ಬರುತ್ತದೆ.

ಇಂಥ ನಾಯಿಯನ್ನು ಜಗಲಿಯಲ್ಲಿ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಬಾಚಣಿಗೆಯ ಬೆಲೆಯೂ ಅಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತುಂಗಾತೀರ

ಡಾಕ್ಟರ್ ಮೇಡಂ ಹೇಳಿದಂತೆ ನೋಡಿದೆ. ಬೆನ್ನಿನ ಮೇಲೆ ಅಲ್ಲಲ್ಲಿ ಚರ್ಮ ಕಾಣುತ್ತದೆ. ಪಕ್ಕೆಯಿಂದ ಕೆಳಗೆ ಬಾಚಣಿಗೆಯ ಹಲ್ಲು ಹೋಗುವುದೇ ಇಲ್ಲ. ಹೊಟ್ಟೆಯ ಕೆಳಗಿನದು ಒಂದೇ ತುಂಡು. ಮುಂಗಾಲನ್ನು ಅವಳು ಗಿಡ್ಡ ಹೆಜ್ಜೆಯಲ್ಲಿ ಇಡುತ್ತಾಳೆ, ನಾನು ಅದನ್ನು ಅವಳ ನಡಿಗೆಯೇ ಹಾಗೆ ಎಂದುಕೊಂಡಿದ್ದೆ. ವಸಡು ಗುಲಾಬಿ ಬಣ್ಣದಲ್ಲಿಯೇ ಇದೆ.

ಹಾಗಾದರೆ ಅರಿವಳಿಕೆ ಕೊಟ್ಟು ತೆಗೆಸುವುದೇ ಸರಿಯೇ? ಮನೆಯಲ್ಲಿ ಎಲ್ಲರಿಗೂ ಅದರದ್ದೇ ಭಯ.

ಪಶುವೈದ್ಯೆ_ಹಾಸನ

ನೀವು ಹೇಳಿದ ಸ್ಥಿತಿಗೆ ಅದೇ ಕರುಣೆಯ ದಾರಿ. ಎಚ್ಚರವಿರುವಾಗ ಗಂಟೆಗಟ್ಟಲೆ ಹಿಡಿದು ಅದುಮಿ ತೆಗೆದರೆ ಆ ನೆನಪು ಅವಳನ್ನು ಬಿಡುವುದಿಲ್ಲ. ಮಲಗಿಸಿ ಒಂದೇ ಸಲಕ್ಕೆ ತೆಗೆದರೆ ಅವಳಿಗೆ ನೆನಪಿರುವುದು ಸೂಜಿ ಮತ್ತು ನಿದ್ದೆ ಮಾತ್ರ. ಎದ್ದಾಗ ನೋವಿನ ಭಾರ ಇಳಿದಿರುತ್ತದೆ. ಆಮೇಲೆ ನಿಮ್ಮ ಕೈ ಅವಳಿಗೆ ಹೊಸದಾಗಿ ಪರಿಚಯವಾಗಬಹುದು.

ಭಯ ಸಹಜ. ಕೇಳಬೇಕಾದ್ದನ್ನು ಕೇಳಿ: ಮೊದಲು ರಕ್ತಪರೀಕ್ಷೆ ಮಾಡುತ್ತೀರಾ, ಹೃದಯ ಕೇಳಿಸಿಕೊಳ್ಳುತ್ತೀರಾ, ಮಲಗಿರುವಷ್ಟು ಹೊತ್ತೂ ಉಸಿರು ಮತ್ತು ನಾಡಿ ನೋಡಲು ಒಬ್ಬರು ಇರುತ್ತಾರೆಯೇ. ಲಾಸಾಗಳ ಮೂತಿ ಗಿಡ್ಡ, ಉಸಿರಾಟದ ಮೇಲೆ ಕಣ್ಣಿಡಲೇಬೇಕು. ಎಷ್ಟು ಹೊತ್ತು ಉಪವಾಸ ಇಡಬೇಕೆಂದು ಅವರೇ ಹೇಳುತ್ತಾರೆ, ಅದನ್ನು ಚಾಚೂ ತಪ್ಪದೆ ಪಾಲಿಸಿ. ನಿಮಗೆ ಶಿವಮೊಗ್ಗ ಹತ್ತಿರ, ಅಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ವಿಚಾರಿಸಿ ನೋಡಿ.

ಆಸ್ಪತ್ರೆಗೆ ಹೊರಡುವ ಮುನ್ನ ಹೆದರಿಕೆ ಇಳಿಸಲು ಗ್ಯಾಬಪೆಂಟಿನ್ ಅಥವಾ ಟ್ರಾಜೊಡೋನ್ ಕೊಡಬಹುದು. ಎಷ್ಟು ಎಂಬುದನ್ನು ಅವಳ ತೂಕ ನೋಡಿದ ವೈದ್ಯರೇ ಬರೆಯಬೇಕು. ಒಂದು ಎಚ್ಚರಿಕೆ: ಮನುಷ್ಯರಿಗೆಂದು ಮಾಡಿದ ಗ್ಯಾಬಪೆಂಟಿನ್ ದ್ರವದಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಔಷಧಿ ಅಂಗಡಿಯಲ್ಲಿ ನೀವಾಗಿಯೇ ಕೇಳಿ ತರಬೇಡಿ. ಬರೀ ಏಸ್‌ಪ್ರೊಮಝೀನ್ ಎಂಬ ಮಂಪರಿನ ಔಷಧಿ ಕೊಟ್ಟು ಕೆಲಸ ಮುಗಿಸುತ್ತೇವೆ ಎಂದರೂ ಇನ್ನೊಮ್ಮೆ ಯೋಚಿಸಿ. ಅದು ದೇಹವನ್ನು ಅಲುಗದಂತೆ ಮಾಡುತ್ತದೆ, ಒಳಗಿನ ಭಯ ಹಾಗೆಯೇ ಇರುತ್ತದೆ.

ಅಡಿಕೆತೋಟ_ಸಾಗರ

ಡಾಕ್ಟರು ಹೇಳಿದ ಮೇಲೆ ನನ್ನದೇನಿದೆ. ಆದರೂ ಒಂದು ಸಂದೇಹ. ಹಿಂದೆ ನಮ್ಮ ಪೊಮೇರಿಯನ್‌ಗೆ ಬೇಸಿಗೆಯಲ್ಲಿ ಸೆಕೆಯಾಗುತ್ತದೆಂದು ಬೋಳಿಸಿದ್ದರು. ವರ್ಷ ಕಳೆದರೂ ಬೆನ್ನಿನ ಮೇಲೆ ಕೂದಲು ಸರಿಯಾಗಿ ಬರಲಿಲ್ಲ, ತೇಪೆ ತೇಪೆಯಾಗಿ ಉಳಿಯಿತು. ಈ ಮಗುವಿಗೂ ಹಾಗಾಗದೇ?

ಬಾಚಣಿಗೆ_ಬೆಂಗಳೂರು

ಒಳ್ಳೆಯ ಪ್ರಶ್ನೆ ಸರ್. ನಿಮ್ಮ ಪೊಮೇರಿಯನ್‌ಗೆ ಆದದ್ದು ಗೊತ್ತಿರುವ ತೊಂದರೆಯೇ. ಪೊಮೇರಿಯನ್, ಸ್ಪಿಟ್ಜ್, ಹಸ್ಕಿಯಂಥ ನಾಯಿಗಳಿಗೆ ಒಳಗೆ ದಟ್ಟ ತುಪ್ಪಳ, ಹೊರಗೆ ಗಡುಸು ಕೂದಲು. ಅವುಗಳ ಕೂದಲು ಒಂದು ಅಳತೆಯವರೆಗೆ ಬೆಳೆದು ದೀರ್ಘಕಾಲ ವಿಶ್ರಾಂತಿಯಲ್ಲಿರುತ್ತದೆ. ಬುಡಕ್ಕೆ ಬೋಳಿಸಿದರೆ ಕೆಲವಕ್ಕೆ ಮರಳಿ ಬರಲು ವರ್ಷವೂ ಹಿಡಿಯಬಹುದು. ಆ ಹೊದಿಕೆ ಬಿಸಿಲನ್ನೂ ತಡೆಯುತ್ತದೆ, ಹಾಗಾಗಿ ಸೆಕೆಯ ಹೆಸರಿನಲ್ಲಿ ಅವನ್ನು ಬೋಳಿಸಲೇಬಾರದು. ಲಾಸಾ, ಶಿಟ್ಜು ಬೇರೆ ಬಗೆ. ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ, ಮರಳಿ ಬರುತ್ತದೆ.

ತುಂಗಾತೀರದ ಅಕ್ಕಾ, ಅಲ್ಲಿ ಕ್ಲಿಪ್ಪರ್ ಹಿಡಿಯುವವರಿಗೆ 10ನೆಯ ನಂಬರಿನ ಬ್ಲೇಡ್ ಹಾಕಲು ಹೇಳಿ. ಅದು ಒಂದೂವರೆ ಮಿಲಿಮೀಟರಿನಷ್ಟು ಕೂದಲು ಉಳಿಸುತ್ತದೆ. ಉದ್ದ ಉಳಿಸುವ ಬ್ಲೇಡುಗಳ ಹಲ್ಲು ಅಗಲ, ಜಡೆಯ ಕೆಳಗೆ ನುಸುಳುವುದಿಲ್ಲ, ಚರ್ಮದ ಮಡಿಕೆಯೂ ಸಿಕ್ಕಿಕೊಳ್ಳುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದು, ಬ್ಲೇಡನ್ನು ಅದಕ್ಕೆ ಸಮಾನಾಂತರವಾಗಿ ಜಡೆಯ ಕೆಳಗೆ ಓಡಿಸಬೇಕು. ಬ್ಲೇಡ್ ಬೇಗ ಕಾಯುತ್ತದೆ. ಆಗಾಗ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಬೇಕು, ನಮಗೆ ಬಿಸಿ ಎನಿಸಿದರೆ ನಾಯಿಗೆ ಸುಡುತ್ತದೆ. ಗಡ್ಡ ತೆಗೆಯುವ ಟ್ರಿಮ್ಮರಿನಿಂದ ಇದು ಆಗುವ ಕೆಲಸವಲ್ಲ.

ಚಂದಕ್ಕೆಂದು ಕಿವಿಯದೋ ಬಾಲದ್ದೋ ಕೂದಲು ಉಳಿಸಿ ಎಂದು ಕೇಳಬೇಡಿ. ಎಲ್ಲ ಹೋಗಲಿ.

ತುಂಗಾತೀರ

ಮಲ್ಲಿಯ ಕೆಲಸ ಆಯಿತು. ಎಲ್ಲರಿಗೂ ಹೇಳಬೇಕೆಂದು ಬರೆಯುತ್ತಿದ್ದೇನೆ.

ಹೊಟ್ಟೆಯ ಭಾಗದ್ದು ನಿಜಕ್ಕೂ ಒಂದೇ ಹಾಳೆಯಾಗಿ ಬಂತು. ಕೆಳಗೆ ಚರ್ಮ ಕೆಂಪಗೆ ಬೆಂದಿತ್ತು, ತೊಡೆಸಂದಿಯಲ್ಲಿ ಎರಡು ಕಡೆ ಕೀವಾಗಿತ್ತು. ಮುಂಗಾಲಿನ ಪಾದದ ಮೇಲ್ಗಡೆ ಇರುವ ಹೆಚ್ಚುವರಿ ಉಗುರು ಸುತ್ತಿಕೊಂಡು ಬೆಳೆದು ಮಾಂಸಕ್ಕೆ ಚುಚ್ಚಿಕೊಂಡಿತ್ತು. ಅದು ಅಲ್ಲಿದೆ ಎಂದು ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ. ಬೆರಳ ಸಂದಿಗಳಲ್ಲಿ ಉಣುಗು ತುಂಬಿದ್ದವು. ಕೊರಳ ಜಡೆಯೊಳಗೆ ಹಳೆಯ ಬೆಲ್ಟಿನ ತುಂಡೊಂದು ಸಿಕ್ಕಿತು. ಅದನ್ನು ನೋಡಿ ಯಜಮಾನರು ಹೊರಗೆ ಹೋಗಿ ನಿಂತರು. ಬಾಚಿ ಬಿಡಿಸುತ್ತೇನೆಂದು ಕುಳಿತಿದ್ದರೆ ಈ ಗಾಯಗಳ ಮೇಲೆಲ್ಲ ಎಳೆಯುತ್ತಿದ್ದೆ.

ಈಗ ಚಿಕ್ಕ ಕುರಿಮರಿಯಷ್ಟಿದ್ದಾಳೆ. ಮುಂಗಾಲು ಚಾಚಿ ನಡೆಯುತ್ತಾಳೆ. ಆದರೆ ಕಿವಿಯನ್ನು ಬಿಡದೆ ಕೊಡವುತ್ತಿದ್ದಾಳೆ, ಅದು ಸಹಜವೇ?

ಪಶುವೈದ್ಯೆ_ಹಾಸನ

ಕಿವಿಯನ್ನು ಈಗಲೇ ನೋಡಿ. ಕಿವಿಯ ಜಡೆ ತೆಗೆದ ಮೇಲೆ ಅಲ್ಲಿಗೆ ರಕ್ತ ಒಮ್ಮೆಲೇ ಹರಿಯುತ್ತದೆ, ತುರಿಕೆ ಎನಿಸುತ್ತದೆ, ನಾಯಿ ಕೊಡವುತ್ತದೆ. ಹೆಚ್ಚು ಕೊಡವಿದರೆ ಕಿವಿಯ ಹಾಳೆಯೊಳಗೆ ರಕ್ತನಾಳ ಒಡೆದು ರಕ್ತ ತುಂಬಿಕೊಳ್ಳುತ್ತದೆ. ಕಿವಿ ದಿಂಬಿನಂತೆ ಉಬ್ಬಿದ್ದರೆ ಇವತ್ತೇ ವೈದ್ಯರಲ್ಲಿಗೆ ಹೋಗಿ. ಉಬ್ಬಿಲ್ಲದಿದ್ದರೆ ಹಳೆಯ ಬನಿಯನ್ನಿನ ತೋಳನ್ನು ಕತ್ತರಿಸಿ ತಲೆಯ ಸುತ್ತ ಹಗುರವಾಗಿ ತೊಡಿಸಿ, ಕಿವಿಗಳು ತಲೆಗೆ ಅಂಟಿಕೊಂಡಿರುವಂತೆ. ಕೊರಳ ಬಳಿ ಎರಡು ಬೆರಳು ಸಲೀಸಾಗಿ ಹೋಗಬೇಕು. ತೊಡಿಸಿದಾಗ ಅವಳು ಗಾಬರಿಯಾದರೆ ತೆಗೆದುಬಿಡಿ. ಒಳಗೆ ಸೋಂಕು ಇದೆಯೇ ಎಂದೂ ತೋರಿಸಿ, ಕೊಡವುವುದಕ್ಕೆ ಅದೂ ಕಾರಣವಾಗಿರಬಹುದು.

ಚರ್ಮಕ್ಕೆ ಬಿಸಿಲು ಬೀಳದಂತೆ ಕೆಲವು ವಾರ ನೋಡಿಕೊಳ್ಳಿ. ರಾತ್ರಿ ಚಳಿಗೆ ಮೆತ್ತನೆಯ ಹತ್ತಿಬಟ್ಟೆ ಸಾಕು. ಮನೆಯವರಿಗೆ ಯಾರಿಗಾದರೂ ಕೈಮೇಲೆ ದುಂಡನೆಯ ತುರಿಕೆ ಕಾಣಿಸಿದರೆ ತಿಳಿಸಿ. ಗಜಕರ್ಣ ನಾಯಿಯಿಂದ ನಮಗೂ ಹರಡುತ್ತದೆ.

ಮಂಗಳೂರು_ಮಳೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲಿಯೂ ಬೀದಿಯಿಂದ ತಂದ ಉದ್ದಕೂದಲಿನ ನಾಯಿ ಇದೆ, ಬಾಚುವಾಗ ಅಣ್ಣನ ಕೈಗೆ ಹಲ್ಲು ತಾಗಿ ಗೀರಾಗಿದೆ. ರಕ್ತ ಒಂದು ಹನಿ ಅಷ್ಟೇ. ಅರಿಸಿನ ಹಚ್ಚಿದ್ದೇವೆ, ಸಾಕಲ್ಲವೇ?

ಪಶುವೈದ್ಯೆ_ಹಾಸನ

ಸಾಲದು. ಅರಿಸಿನ ತೊಳೆದುಹಾಕಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಲು ಹೇಳಿ, ಆಮೇಲೆ ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ರಕ್ತ ಬಂದಿರುವುದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕೇ ಎಂದೂ ಕೇಳಿ. ನಾಯಿಗೆ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದಿರುವಾಗ ಒಂದು ಹನಿಯೂ ಹೆಚ್ಚೇ. ರೋಗಲಕ್ಷಣ ಕಂಡ ಮೇಲೆ ಯಾವ ಔಷಧಿಯೂ ಇಲ್ಲ. ಹೋಗಿಬಂದು ಇಲ್ಲಿ ತಿಳಿಸಿ, ಕಾಯುತ್ತಿರುತ್ತೇನೆ.

ಮಂಗಳೂರು_ಮಳೆ

ಇಲ್ಲಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು ಆಯಿತು ಮೇಡಂ. ಧನ್ಯವಾದ.

ತುಂಗಾತೀರ

ಸದ್ಯ, ಒಳ್ಳೆಯದಾಯಿತು. ಮಲ್ಲಿಯ ಕಿವಿ ಉಬ್ಬಿರಲಿಲ್ಲ, ಸೋಂಕಿಗೆ ಹನಿ ಕೊಟ್ಟಿದ್ದಾರೆ, ಕೊಡವುವುದು ನಿಂತಿದೆ. ಚರ್ಮವೂ ಮಾಗಿದೆ. ಕೂದಲು ಬೆರಳಿಗೆ ಸಿಗುವಷ್ಟು ಬಂದಿದೆ. ಈಗ ಬಾಚುವುದನ್ನು ಕಲಿಸಬೇಕು. ಬ್ರಷ್ ಕಂಡರೆ ಬೆಂಚಿನ ಅಡಿಗೆ ಹೋಗುವುದು ಮಾತ್ರ ಹಾಗೆಯೇ ಇದೆ.

ಬಾಚಣಿಗೆ_ಬೆಂಗಳೂರು

ಇದು ನನ್ನ ಇಷ್ಟದ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಹಳೆಯ ಬ್ರಷ್ಷನ್ನು ಮನೆಯಿಂದಲೇ ತೆಗೆದುಬಿಡಿ. ಬೇರೆ ಬಣ್ಣದ, ಬೇರೆ ಆಕಾರದ ಒಂದನ್ನು ತನ್ನಿ. ಅದು ಊಟದ ತಟ್ಟೆಯಿಂದ ದೂರದಲ್ಲಿ ನೆಲದ ಮೇಲೆ ಸುಮ್ಮನೆ ಬಿದ್ದಿರಲಿ. ಅವಳು ತಾನಾಗಿ ಮೂಸಿದಾಗ ಬೇಯಿಸಿದ ಕೋಳಿಯ ಚೂರು ಕೊಡಿ, ಮಾಂಸ ಮಾಡದ ಮನೆಯಾದರೆ ಪನೀರ್. ಬ್ರಷ್ ಕಂಡರೆ ತಿಂಡಿ ಬರುತ್ತದೆ ಎಂಬುದು ಗಟ್ಟಿಯಾದ ಮೇಲೆ ಕೈಗೆತ್ತಿಕೊಳ್ಳಿ. ಆಮೇಲೆ ಅದರ ಬೆನ್ನಿನಿಂದ, ಹಲ್ಲಿನ ಕಡೆಯಿಂದಲ್ಲ, ಅವಳ ಭುಜವನ್ನು ಒಮ್ಮೆ ಮುಟ್ಟಿ ತಿಂಡಿ ಕೊಡಿ. ಆಮೇಲೆ ಹಲ್ಲಿನಿಂದ ಒಂದು ಎಳೆ. ಒಂದೇ. ಅಲ್ಲಿಗೆ ನಿಲ್ಲಿಸಿ. ಅವಳು ಇನ್ನೂ ಬೇಕು ಎಂದು ನಿಂತಿರುವಾಗಲೇ ನೀವು ಮುಗಿಸಬೇಕು.

ಒಂದು ತಟ್ಟೆಯ ತಳಕ್ಕೆ ಗಟ್ಟಿ ಮೊಸರು ಬಳಿದು ಕೊಟ್ಟರೆ ಅವಳು ನೆಕ್ಕುತ್ತಿರುತ್ತಾಳೆ. ನೆಕ್ಕುವುದು ನಾಯಿಗೆ ಸಮಾಧಾನ ಕೊಡುತ್ತದೆ. ಇದರಲ್ಲಿ ಒಂದು ಗುಟ್ಟಿದೆ: ನೆಕ್ಕುವುದನ್ನು ನಿಲ್ಲಿಸಿದಳೆಂದರೆ ನೀವು ಅವಳ ಸಹನೆಯ ಗೆರೆ ಮುಟ್ಟಿದ್ದೀರಿ. ಕೈ ತೆಗೆಯಿರಿ. ತುಟಿ ಸವರಿಕೊಳ್ಳುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುವುದು, ಇವೆಲ್ಲ ಗುರ್ ಎನ್ನುವುದಕ್ಕೂ ಮೊದಲಿನ ಮಾತುಗಳು. ಗುರ್ ಎಂದರೆ ಗದರಬೇಡಿ. ಎಚ್ಚರಿಸಿದ್ದಕ್ಕೆ ಬೈಸಿಕೊಂಡ ನಾಯಿ ಮುಂದೆ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯುತ್ತದೆ.

ಗದ್ದ ಕೆರೆದರೆ ಕಣ್ಣು ಮುಚ್ಚುತ್ತಾಳೆ ಎಂದು ಬರೆದಿದ್ದಿರಿ. ಅದನ್ನೇ ಬಂಡವಾಳ ಮಾಡಿಕೊಳ್ಳಿ. ಅಂಗೈ ಮೇಲೆ ಗದ್ದ ಇಡಲು ಕಲಿಸಿ. ಗದ್ದ ಇಟ್ಟರೆ ಬಾಚುತ್ತೀರಿ, ತೆಗೆದರೆ ನಿಲ್ಲಿಸುತ್ತೀರಿ. ನಿಲ್ಲಿಸುವ ಹಿಡಿತ ತನ್ನದೇ ಎಂದು ಅವಳಿಗೆ ಗೊತ್ತಾದ ಮೇಲೆ ಗದ್ದ ತೆಗೆಯುವುದು ಕಡಿಮೆಯಾಗುತ್ತಾ ಬರುತ್ತದೆ.

ಬಾಚುವ ಕ್ರಮವೂ ಮುಖ್ಯ. ಮೇಲೆ ಮೇಲೆ ಬಾಚಿದರೆ ಹೊರಗೆ ನುಣುಪು, ಬುಡದಲ್ಲಿ ಜಡೆ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಕೆಳಗಿನಿಂದ ಪದರ ಪದರವಾಗಿ ಬಿಡುತ್ತಾ ಬಾಚಿ. ಪ್ರತಿ ಪದರದಲ್ಲೂ ತುದಿಯಿಂದ ಶುರುಮಾಡಿ ಬುಡಕ್ಕೆ ಬನ್ನಿ. ಗಂಟು ಸಿಕ್ಕಿದರೆ ಅದರ ಬುಡವನ್ನು ಬೆರಳಿನಲ್ಲಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಾಗುವುದಿಲ್ಲ. ಸ್ವಲ್ಪ ಕಾರ್ನ್ ಫ್ಲೋರ್ ಉದುರಿಸಿದರೆ ಎಳೆಗಳು ಜಾರುತ್ತವೆ. ಸಾಗರದ ಸರ್ ಹೇಳಿದ ಕೊಬ್ಬರಿ ಎಣ್ಣೆಯೂ ಜಾರಿಸುತ್ತದೆ, ಆದರೆ ಧೂಳು ಹಿಡಿಯುತ್ತದೆ, ಅಂದೇ ತೊಳೆಯಬೇಕಾಗುತ್ತದೆ. ಕೊನೆಗೆ ಲೋಹದ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಬಂದರೆ ಮಾತ್ರ ಸ್ನಾನ.

ಅಡಿಕೆತೋಟ_ಸಾಗರ

ಈ ಗದ್ದದ ಪಾಠವನ್ನು ನಮ್ಮ ಮನೆಯಲ್ಲೂ ಶುರು ಮಾಡಿದ್ದೇನೆ. ಉಗುರು ಕತ್ತರಿಸಲು ಮೂರು ಜನ ಹಿಡಿಯಬೇಕಿದ್ದ ನಾಯಿ ತಾನಾಗಿ ಬಂದು ಗದ್ದ ಇಡುತ್ತಿದೆ. ತಂಗೀ, ಉದ್ದ ಕೂದಲು ಬೆಳೆಸಲೇಬೇಕೆಂದಿಲ್ಲ. ನಮ್ಮ ಕಡೆಯ ಮಳೆಗೆ ಒಂದಂಗುಲಕ್ಕೆ ಕತ್ತರಿಸಿಯೇ ಇಡಿ.

ತುಂಗಾತೀರ

ಹಾಗೆಯೇ ಮಾಡುತ್ತೇವೆ ಅಣ್ಣಾ. ಮೊಸರಿನ ತಟ್ಟೆ ಚೆನ್ನಾಗಿ ನಡೆಯುತ್ತಿದೆ. ಬೆನ್ನು, ಭುಜ, ಎದೆ ಬಾಚಲು ಬಿಡುತ್ತಾಳೆ. ಕಿವಿಯ ಹಿಂದೆಯೂ ಒಂದೆರಡು ಎಳೆತ ಸಹಿಸುತ್ತಾಳೆ. ಪಾದ ಮಾತ್ರ ಮುಟ್ಟಗೊಡುವುದಿಲ್ಲ, ಅಲ್ಲಿಯೇ ಮತ್ತೆ ಸಿಕ್ಕು ಶುರುವಾಗಿದೆ.

ಬಾಚಣಿಗೆ_ಬೆಂಗಳೂರು

ಪಾದದಲ್ಲಿ ಆ ಉಗುರಿನ ಗಾಯವಿತ್ತಲ್ಲ, ಅವಳಿಗೆ ಅದು ನೆನಪಿರುತ್ತದೆ. ಸದ್ಯಕ್ಕೆ ಪಾದದ ತಂಟೆಗೆ ಹೋಗಬೇಡಿ. ಚುಚ್ಚುಮದ್ದಿಗೆ ಹೋದಾಗ ವೈದ್ಯರು ಬರೆದುಕೊಟ್ಟಷ್ಟು ಗ್ಯಾಬಪೆಂಟಿನ್ ಮೊದಲೇ ಕೊಟ್ಟು ಪಾದದ ಕೂದಲನ್ನು ಅಲ್ಲಿಯೇ ಗಿಡ್ಡ ಮಾಡಿಸಿಬಿಡಿ. ಮನೆಯಲ್ಲಿ ಭುಜದಿಂದ ಮೊಣಕೈವರೆಗೆ ಕೈ ಇಳಿಸುವುದು, ತಿಂಡಿ ಕೊಡುವುದು, ಅಷ್ಟೇ. ಮೊಣಕೈ ಸಲೀಸಾದ ಮೇಲೆ ಇನ್ನೆರಡು ಬೆರಳಿನಷ್ಟು ಕೆಳಗೆ. ವಾಕಿಂಗ್ ಮುಗಿಸಿ ಬಂದಾಗ ಹಾರ್ನೆಸ್ (ಎದೆಪಟ್ಟಿ) ಬಿಚ್ಚಿಡಿ, ಅದು ಉಜ್ಜುವ ಕಂಕುಳಲ್ಲಿಯೇ ಹೊಸ ಜಡೆ ಮೊದಲು ಕಟ್ಟುವುದು.